ಸೆರಗು ಹಿಡಿದ ಕರು

“ಆನೆಯಷ್ಟಿದ್ದ ಗೂಳೀನ ಒಂದೇ ಮಾತಿಗೆ ನಿಲ್ಸ್‌ಬಿಟ್ಟೆ ಕಣೇ ವಿಜಯಾ,” ಎಂದು ಇಂದಿರಮ್ಮ ನೆದರ್ಲೆಂಡ್ಸಿನ ಆಲ್ಮೆರೆ ಊರಿನ ಮಗನ ಮನೆಯಿಂದ ಚನ್ನರಾಯಪಟ್ಟಣದ ತಂಗಿಗೆ ವಿಡಿಯೋ ಕಾಲಿನಲ್ಲಿ ಹೇಳಿದರು. ತಂಗಿ ತುಟಿ ಕೊಂಕಿಸಿದ್ದು ಕಂಡು ತಾವೇ ಇಳಿದುಬಂದರು. “ಆಯ್ತು, ಅರ್ಧ ಸುಳ್ಳು. ಗೂಳಿ ಅಲ್ಲ, ಹಸು. ನನ್ನ ಮಾತಿಗೇನೂ ಅದು ನಿಲ್ಲಲಿಲ್ಲ.”

ನಡೆದದ್ದು ಆ ಬೆಳಿಗ್ಗೆಯೇ. ಮಗಳ ಮಗಳು ನಿಖಿತಾ ಇಲ್ಲಿ ಓದಲು ಬಂದಾಗ ಯುರೋಪಿನ ಇಪ್ಪತ್ತು ಊರುಗಳ ಪಟ್ಟಿ ಮಾಡಿಟ್ಟುಕೊಂಡಿದ್ದಳು. ಕೊರೊನಾ ಬಂತು, ಪಾಠವೆಲ್ಲ ಕಂಪ್ಯೂಟರಿಗೆ ಬಂದು ಅವಳು ಸೋದರಮಾವನ ಮನೆ ಸೇರಿದಳು. ಒಂದು ದೇಶದ ಗಡಿ ತೆರೆದರೆ ಇನ್ನೊಂದರದು ಮುಚ್ಚುತ್ತಿದ್ದುದರಿಂದ ಶನಿವಾರಗಳಂದು ಹತ್ತಿರದ ಕಾಡಿನ ಕಾಲುದಾರಿಗಳನ್ನೇ ಹಿಡಿದಳು. ವಿಮಾನ ನಿಂತು ಎಂಟು ತಿಂಗಳಿಂದ ಆ ಮನೆಯಲ್ಲೇ ಉಳಿದಿದ್ದ ಅಜ್ಜಿ ಅಂದು ತಾವೂ ಬರುತ್ತೇನೆಂದರು. ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಿ ಎಂದು ನಿಖಿತಾ ಗೋಗರೆದಳು. ಗಂಡ ಸತ್ತ ದಿನವೂ ಹನ್ನೊಂದು ನೆರಿಗೆ ಹಿಡಿದು ಉಟ್ಟವಳು ನಾನು, ಅದನ್ನು ಹಾಕಿಸುವುದಾದರೆ ಚಟ್ಟದ ಮೇಲೆ ಹಾಕಿಸಿ ಎಂದು ಇಂದಿರಮ್ಮ ನವಿಲುಬಣ್ಣದ ಸೀರೆಯ ಮೇಲೆ ಉದ್ದ ಕೋಟು ತೊಟ್ಟು ರೈಲಿಗೆ ಹೊರಟರು. ನಿಖಿತಾ ಪ್ಯಾಂಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಕಾಡಿನ ಗೇಟಿನಲ್ಲಿದ್ದ ಫಲಕವನ್ನು ಅವಳೇ ಓದಿ ಹೇಳಿದಳು. ಒಳಗೆ ಮೇಯಲು ಬಿಟ್ಟಿರುವ ದನಗಳಿಂದ ಇಪ್ಪತ್ತೈದು ಮೀಟರ್ ದೂರವಿರಬೇಕಂತೆ. ಮನುಷ್ಯರಿಗೆ ಒಂದೂವರೆ, ದನಕ್ಕೆ ಇಪ್ಪತ್ತೈದೇ, ಅವಕ್ಕೇನು ಅಂಥ ಕಾಯಿಲೆ ಎಂದು ಇಂದಿರಮ್ಮ ನಕ್ಕರು. ನಲವತ್ತು ವರ್ಷ ಕೊಟ್ಟಿಗೆಯ ಸಗಣಿ ಬಾಚಿದವರು ಅವರು. ನಿಖಿತಾ ಹಿಂದೆ ಫೋಟೋ ತೆಗೆಯುತ್ತ ನಿಂತಾಗ, ಹುಲ್ಲಿನಲ್ಲಿ ಮಲಗಿದ್ದ ಕೆಂಗೂದಲ ಕರುವಿನ ಬಳಿ ನೇರ ಹೋಗಿ, ಹಣೆ ಸವರಿ, ಕೈಯನ್ನು ಕಣ್ಣಿಗೊತ್ತಿಕೊಂಡರು. ಕರು ಎದ್ದು ನಿಂತಿತು. ಕೋಟಿನ ಕೆಳಗೆ ಇಳಿಬಿದ್ದಿದ್ದ ಸೆರಗನ್ನು ಬಾಯ್ತುಂಬ ತುರುಕಿಕೊಂಡು ಚೀಪತೊಡಗಿತು.

ಪೊದೆಯ ಹಿಂದಿನಿಂದ ತಾಯಿ ಬಂತು. ಮಾರುದ್ದದ ಕೊಂಬು, ಕಣ್ಣು ಮುಚ್ಚುವಷ್ಟು ಕೂದಲು. ಹತ್ತು ಹೆಜ್ಜೆ ದೂರದಲ್ಲಿ ನಿಂತು ಬುಸುಗುಟ್ಟಿ ಮಣ್ಣು ಕೆರೆಯಿತು.

“ಅಜ್ಜಿ, ಅಲ್ಲಾಡ್ಬೇಡಿ. ನಾನ್ ಬರ್ತೀನಿ.”

“ಬಂದೀಯ ಜೋಕೆ,” ಎಂದರು ಇಂದಿರಮ್ಮ, ತಿರುಗದೆ. “ಅಲ್ಲೇ ನಿಂತ್ಕೊ.”

ಹೊಸದಾಗಿ ಈದ ಹಸು ಮನೆಯವರನ್ನೂ ನಂಬುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಮರೆತಿದ್ದರು. ಸೆರಗು ಎಳೆದರೆ ಕರು ಕೂಗುತ್ತದೆ. ಕೂಗಿದರೆ ಆ ಕೊಂಬು ಬರುತ್ತದೆ. “ಹೋ ಹೋ, ಗೌರಿ,” ಎಂದು ಊರಿನ ಕೊಟ್ಟಿಗೆಯ ಮಾತು ಆಡಿ ನೋಡಿದರು. ಹಸು ಇನ್ನೆರಡು ಹೆಜ್ಜೆ ಮುಂದಿಟ್ಟಿತು.

ಇಂದಿರಮ್ಮ ಮೆಲ್ಲಗೆ ಕೋಟಿನೊಳಗೆ ಕೈ ಹಾಕಿದರು. ಭುಜದ ಪಿನ್ನು ಚಳಿಗೆ ಸೆಟೆದ ಬೆರಳಿನಿಂದ ಎರಡು ಸಲ ಜಾರಿತು. ಮೂರನೆಯ ಸಲ ಚುಚ್ಚಿ ಬಿಚ್ಚಿಕೊಂಡಿತು. ಆಮೇಲೆ ನೆರಿಗೆ. ಹನ್ನೊಂದನ್ನೂ ಒಟ್ಟಿಗೆ ಸೊಂಟದಿಂದ ಕಿತ್ತರು. ಸುತ್ತನ್ನು ಕೈಯಿಂದ ಕೈಗೆ ಬಿಡಿಸುತ್ತ ಒಂದು ಹೆಜ್ಜೆ ಹಿಂದೆ ಇಟ್ಟರು, ಇನ್ನೊಂದು ಇಟ್ಟರು. ಬಾವಿಗೆ ಹಗ್ಗ ಬಿಟ್ಟ ಹಾಗೆ ಸೀರೆ ಹುಲ್ಲಿನ ಮೇಲೆ ಇಳಿಯುತ್ತ ಹೋಯಿತು. ಕೊನೆಯ ತುದಿಯೂ ಕಳಚಿತು.

ಹಸು ಬಂದು ಸೀರೆ ಮೂಸಿತು. ಅದರ ಮೇಲೇ ಗೊರಸೂರಿ ನಿಂತು ಕರುವನ್ನು ನೆಕ್ಕತೊಡಗಿತು. ಇಂದಿರಮ್ಮನ ಬೆನ್ನು ನಿಖಿತಾಳ ಎದೆಗೆ ತಾಗಿದಾಗ ಅವಳ ಕೈ ಆಗಲೇ ಚೀಲದೊಳಗಿತ್ತು.

“ಸೀರೆ ಅಲ್ಲೇ ಬಿಟ್ಯಾ? ಮತ್ತೆ ಅಷ್ಟು ಜನದ ಮಧ್ಯ ರೈಲಲ್ಲಿ ಏನುಟ್ಕೊಂಡು ಬಂದೆ ಅಕ್ಕಾ?” ಎಂದಳು ವಿಜಯಾ.

ಇಂದಿರಮ್ಮ ಫೋನನ್ನು ಮುಖದ ಹತ್ತಿರಕ್ಕೆ, ಗಲ್ಲದಿಂದ ಕೆಳಗೆ ಏನೂ ಕಾಣದಷ್ಟು ಹತ್ತಿರಕ್ಕೆ ತಂದುಕೊಂಡರು. ಅಡುಗೆಮನೆಯಲ್ಲಿ ನಿಖಿತಾ ಕಿಸಕ್ಕನೆ ನಕ್ಕಳು.

“ನೀನೇ ಹೇಳೇ ನೋಡಣ.”