ಇನ್ನೂರ ನಲವತ್ತನೆಯ ಹಾಜರಿ

ಶಹಾಬಾದಿನಲ್ಲಿ ಕೆಟ್ಟ ಫುಟ್‌ಬಾಲ್ ಮ್ಯಾನೇಜರ್ ಯಾರೆಂದು ಕೇಳಿದರೆ, ಚೆಂಡನ್ನು ಕಾಲಿನಲ್ಲಿ ಮುಟ್ಟದವರೂ ಧರ್ಮಣ್ಣನ ಹೆಸರು ಹೇಳುತ್ತಾರೆ. ಕೋಚ್ ಎಂಬ ಪದ ಊರಿಗೆ ಬರುವ ಮೊದಲು ಟೀಮು ಆರಿಸುವವನು, ಆಡಿಸುವವನು, ಚೆಂಡಿಗೆ ಗಾಳಿ ತುಂಬಿಸುವವನು, ಸೋತಾಗ ಬೈಸಿಕೊಳ್ಳುವವನು ಎಲ್ಲ ಒಬ್ಬನೇ, ಅವನೇ ಮ್ಯಾನೇಜರ್. ಧರ್ಮಣ್ಣ ಒಂಬತ್ತು ವರ್ಷ ಆ ಕೆಲಸ ಮಾಡಿದ. ಆ ನಾಲ್ಕು ಕೆಲಸಗಳಲ್ಲಿ ಮೊದಲ ಮೂರನ್ನು ಊರು ಮರೆಯಿತು. ನಾಲ್ಕನೆಯದನ್ನು ಮಾತ್ರ ಮೂವತ್ತನಾಲ್ಕು ವರ್ಷದಿಂದ ಬಿಡದೆ ಮಾಡಿಸುತ್ತಿದೆ.

ಹಾಗಾಗಿ ಕ್ಲಬ್ಬಿನವರು ಭಾನುವಾರದ ಮೀಟಿಂಗಿಗೆ ಹಿರಿಯರೆಂದು ಕರೆದಾಗ ಅವನಿಗೆ ನಗು ಬಂತು. ಹುಡುಗಿಯರ ಟೀಮಿನ ಮ್ಯಾನೇಜರ್ ಲುಂಬಿನಿಯನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನ ಮಾಡುವ ಮೀಟಿಂಗು ಅದು. ದಂಡೋತಿಯ ಕಡೆಯ ಹುಡುಗಿ, ಎಂಟು ತಿಂಗಳ ಹಿಂದೆ ಬಂದವಳು. ಕಲ್ಲಿನ ಗಣಿಗಳ ಪಕ್ಕದ ಓಣಿಗಳಿಂದ ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆತಂದು, ಅವರ ತಾಯಂದಿರ ಕೈಕಾಲು ಹಿಡಿದು, ಟೀಮು ಕಟ್ಟಿದ್ದಳು. ದಿನಾ ಸಂಜೆ ಧರ್ಮಣ್ಣ ಮೈದಾನದ ಫರ್ಸಿಕಲ್ಲಿನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ಬಾಯಿಬಿಟ್ಟು ಹೊಗಳಿರಲಿಲ್ಲ. ತಾನು ಹೊಗಳಿದರೆ ಆ ಹುಡುಗಿಗೆ ಇರುವ ಮರ್ಯಾದೆಯೂ ಹೋದೀತೆಂಬ ಅಂಜಿಕೆ ಅವನಿಗೆ.

ಕ್ಲಬ್ಬಿನ ಕೋಣೆಯ ಕಿಟಕಿಯಿಂದ ಮುಚ್ಚಿಹೋದ ಹಳೆಯ ಫ್ಯಾಕ್ಟರಿಯ ಗೇಟು ಕಾಣುತ್ತದೆ. ಗೇಟಿನ ಒಳಗೆ ಬಲಗಡೆಯ ಟೈಮ್ ಆಫೀಸಿನಲ್ಲಿ ಧರ್ಮಣ್ಣ ಗುಮಾಸ್ತನಾಗಿದ್ದ. ಎಲ್ಲರ ಹಾಜರಿ ಬರೆಯುವುದು ಅವನ ಕೆಲಸ. ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಎರಡನೇ ಪಾಳಿಗೆ ಕರೆಯುವ ಸೈರನ್, ಊರವರ ಬಾಯಲ್ಲಿ ಭೋಂಗಾ, ಕೂಗಿದರೆ ಇಡೀ ಊರು ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಈಗ ಗೇಟಿಗೆ ಬಳ್ಳಿ ಹಬ್ಬಿದೆ. ಆದರೂ ಮೂರೂ ಮುಕ್ಕಾಲಿಗೆ ಅವನ ಕಿವಿ ಆ ಕಡೆ ಹೋಗುತ್ತದೆ. ಆ ಕೂಗು ಮತ್ತೊಮ್ಮೆ ಕೇಳಬೇಕೆಂದು ಅವನಿಗೆ ಎಷ್ಟೋ ಸಲ ಅನಿಸಿದೆ.

ಕಾರ್ಯದರ್ಶಿ ರಮೇಶಕುಮಾರ ಕಾಗದ ತೆಗೆದು ಓದಿದ. "ಎಂಟು ಮ್ಯಾಚ್. ಆರು ಸೋತೀವಿ, ಒಂದು ಡ್ರಾ, ಒಂದು ಗೆದ್ದೀವಿ. ವಾಡಿಯವರ ಕೂಡ ಏಳು ಗೋಲು ತಿಂದೀವಿ. ಸೇಡಂ ಮ್ಯಾಚಿನ್ಯಾಗ ಒಂದು ಗೋಲಿನಿಂದ ಮುಂದಿದ್ದಿವಿ. ಹಾಫ್ ಟೈಮಿಗೆ ಮೇಡಂ ಬಸವೇಶ್ವರಿನ ಹೊರಗ ತೆಗದ್ರು. ಗೋಲು ಹೊಡದಾಕಿನೇ ಆಕಿ. ಆಮ್ಯಾಗ ಎರಡು ಗೋಲು ಬಿದ್ವು."

ಅಧ್ಯಕ್ಷ ಜಹಾಂಗೀರ ಮೇಜಿನ ಆ ಕಡೆ ಕುಳಿತಿದ್ದ. ಐವತ್ತಾರು ವಯಸ್ಸು, ಕೂದಲಿಗೆ ಮೆಹಂದಿ, ಇವತ್ತಿಗೂ ಆಟಗಾರನ ಹೆಗಲು. ಅವನು ಲುಂಬಿನಿಯ ಕಡೆ ತಿರುಗಿದ. "ಯಾಕ ತೆಗದ್ರಿ ಮೇಡಂ, ಆಕಿನ್ನ?"

ಲುಂಬಿನಿ ತಲೆ ಎತ್ತಿಯೇ ಉತ್ತರ ಕೊಟ್ಟಳು. "ಕಾರಣ ಅದ ರಿ. ಆ ಹುಡುಗಿ ನನ್ನ ನಂಬಿ ಹೇಳಿದ ಮಾತು. ಮಂದಿ ಮುಂದ ನಾ ಹೇಳಂಗಿಲ್ಲ. ತಗೀತೀರಂದ್ರ ತಗೀರಿ."

ಆ ಮಾತು ಕೇಳಿ ಧರ್ಮಣ್ಣ ಅವಳ ಮುಖ ನೋಡಿದ. ಇದೇ ಬಾಯಿ ಮುಚ್ಚಿದ ಮುಖ ಅವನಿಗೆ ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಕ್ಷೌರದ ಕನ್ನಡಿಯಲ್ಲಿ ಅದನ್ನೇ ನೋಡಿದ್ದಾನೆ.

"ಒಂದು ಮಾತು ಹೇಳ್ತೀನಿ" ಎಂದ. "ವಾಡಿ ಹುಡುಗ್ಯಾರು ಆರು ವರ್ಷದಿಂದ ಆಡಲಿಕತ್ತಾರ. ನಮ್ಮವು ಎಂಟು ತಿಂಗಳು. ಮೊದಲನೇ ಮ್ಯಾಚಿಗೆ ಏಳು ಗೋಲು ತಿಂದ್ರು, ಅದೇ ವಾಡಿ ಕೂಡ ಹಿಂದಿನ ವಾರ ಆಡಿ ಒಂದೇ ತಿಂದಾರ. ಗೆದ್ದಿದ್ದು ಸೋತಿದ್ದು ಅಷ್ಟೇ ನೋಡಬ್ಯಾಡ್ರಿ. ಆಕಿ ಕೈಗೆ ಎಂಥ ಟೀಮ್ ಸಿಕ್ಕಿತ್ತು, ಈಗ ಎಲ್ಲಿಗಿ ಬಂದದ, ಅದು ನೋಡ್ರಿ. ವಾಡಿ ಮ್ಯಾನೇಜರನ್ನ ತಂದು ಇಲ್ಲಿ ಕುಂಡ್ರಸಿದ್ರ ಅಂವ ಇದಕ್ಕಿಂತ ಹೆಚ್ಚು ಮಾಡ್ತಿದ್ನೇನು?"

ಜಹಾಂಗೀರ ನಕ್ಕ. ಕೆಟ್ಟ ನಗುವೇನಲ್ಲ, ರೂಢಿಯ ನಗು. "ಕಾಕಾ, ಮ್ಯಾನೇಜರಂದ್ರ ಹೆಂಗಿರಬೇಕು ಅಂತ ನೀವು ಹೇಳಬ್ಯಾಡ್ರಿ. ಮೇಡಂ, ನಿಮಗ ಗೊತ್ತಿಲ್ಲ, ಕೇಳ್ರಿ."

ಸರಿ, ಶುರುವಾಯಿತು. ಈ ಕಥೆಯನ್ನು ಜಹಾಂಗೀರ ಮದುವೆ ಮನೆಯಲ್ಲಿ ಹೇಳಿದ್ದಾನೆ, ಚಹಾದಂಗಡಿಯಲ್ಲಿ ಹೇಳಿದ್ದಾನೆ, ಸತ್ತವರ ಮನೆಯಲ್ಲೂ ಮೂರನೆಯ ದಿನ ಹೇಳಿದ್ದಾನೆ. ೧೯೯೧, ಡಿಸೆಂಬರ್ ಮೂವತ್ತೊಂದು. ವರ್ಷದ ಕೊನೆಯ ದಿನ ಫೈನಲ್ ಆಡುವುದು ಆ ಟೂರ್ನಮೆಂಟಿನ ರೂಢಿ. ಇದೇ ಮೈದಾನ, ಎದುರಿಗೆ ವಾಡಿಯ ರೈಲ್ವೆ ಟೀಮು, ಸುತ್ತ ಕಲ್ಲಿನ ಪುಡಿ ಮೆತ್ತಿದ ಸಾವಿರ ಜನ. ಇಪ್ಪತ್ತೆರಡರ ಜಹಾಂಗೀರ ಮೊದಲ ಹತ್ತು ನಿಮಿಷಕ್ಕೇ ಗೋಲು ಹೊಡೆದ. ಹಾಫ್ ಟೈಮಿಗೆ ಸರಿಯಾಗಿ ಭೋಂಗಾ ಕೂಗಿತು. ಧರ್ಮಣ್ಣ ಅವನನ್ನು ಲೈನಿನ ಹೊರಗೆ ಕರೆದು, ಅಂಗಿ ಬಿಚ್ಚು ಎಂದ.

"ಏನಂದ್ರು ಗೊತ್ತೇನ್ರಿ? ಆಡೂದು ನಿನ್ನ ಕೈಲಿ ಆಗಂಗಿಲ್ಲ, ಗೇಟಿಗಿ ಹೋಗು, ಅಲ್ಲಿ ಮಂದಿ ಕಡಿಮಿ ಅದಾರ, ಮೂಟಿ ಹೊರು ಅಂದ್ರು. ಸಾವಿರ ಮಂದಿ ಮುಂದ. ನಿಂತು ನೋಡೂ ಮನಸು ಇರಲಿಲ್ಲ. ಸಿಟ್ಟಿನ್ಯಾಗ ಸೈಕಲ್ ಹೊಡಕೊಂಡು ಹೋಗಿ ಪಾಳಿ ಮಾಡಿದೆ. ಮೂಟಿ ಹೊರಕೋತ ಒಳಗ ನಿಂತು ಕೇಳಿದೆ, ವಾಡಿಯವರು ಎರಡು ಸಲ ಚೀರಿದ್ರು. ಎರಡು ಗೋಲು, ಕಪ್ ಹೋತು."

ಮತ್ತೆ ಫೈನಲ್ಲಿನವರೆಗೆ ಹೋಗಲು ಶಹಾಬಾದಿಗೆ ಆಗಲಿಲ್ಲ. ಆ ವಾರವೇ ಧರ್ಮಣ್ಣನನ್ನು ತೆಗೆದರು. ಯಾರೂ ಕಾರಣ ಕೇಳಲಿಲ್ಲ, ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ.

"ಒಳ್ಳೆ ಆಟಗಾರನ್ನ ಹಾಫ್ ಟೈಮಿಗೆ ತಗಿಯೋ ಮ್ಯಾನೇಜರ್ ಈ ಊರಿಗಿ ಮತ್ತೊಬ್ಬರು ಬ್ಯಾಡ" ಎಂದ ಜಹಾಂಗೀರ. "ರಮೇಶ, ಬರಕೋ."

ರಮೇಶಕುಮಾರ ಪೆನ್ನು ತೆಗೆದ. ಲುಂಬಿನಿ ತನ್ನ ಚೀಲದ ಹಿಡಿಕೆಯನ್ನು ಕೈಗೆ ಸುತ್ತಿಕೊಂಡಳು. ಧರ್ಮಣ್ಣ ಇಷ್ಟು ವರ್ಷ ಸುಮ್ಮನಿದ್ದು ಬೈಸಿಕೊಂಡಿದ್ದ. ಆ ಸುಮ್ಮನಿದ್ದುದರ ಏಟು ಈಗ ಈ ಹುಡುಗಿಗೆ ಬೀಳುತ್ತಿದೆ ಎಂಬುದನ್ನು ಅವನಿಂದ ಸಹಿಸಲಾಗಲಿಲ್ಲ.

"ಜಹಾಂಗೀರ, ನಿನ್ನ ನೌಕರಿ ಪರ್ಮನೆಂಟ್ ಆಗಿದ್ದು ಎಂದು?"

"ಅದು ಇಲ್ಲಿ ಯಾಕ ಬೇಕು ಕಾಕಾ? ತೊಂಬತ್ತೆರಡು, ಜನವರಿ ಒಂದು." ಕೇಳಿದ್ದೇ ತಡ, ಅವನ ಎದೆ ತುಸು ಉಬ್ಬಿತು. ಆ ಫ್ಯಾಕ್ಟರಿಯಲ್ಲಿ ದುಡಿದವರಿಗೆಲ್ಲ ಆ ತಾರೀಖು ಹುಟ್ಟಿದ ದಿನಕ್ಕಿಂತ ಹೆಚ್ಚು. ಅವನು ಲುಂಬಿನಿಗೆ ಬಿಡಿಸಿ ಹೇಳಿದ. "ನಾವು ಬದಲಿ ಮಂದಿ ಇದ್ದಿವಿ ಮೇಡಂ. ಪರ್ಮನೆಂಟಿನವರು ಬರಲಿಲ್ಲಂದ್ರ ನಮಗ ಕೆಲಸ. ಒಂದು ವರ್ಷದಾಗ ಇನ್ನೂರ ನಲವತ್ತು ಹಾಜರಿ ಆದ್ರ ಪರ್ಮನೆಂಟ್. ಡಿಸೆಂಬರ್ ಮುಗೀತಂದ್ರ ಮತ್ತ ಒಂದರಿಂದ ಎಣಕಿ. ನಂದು ಬರೋಬ್ಬರಿ ಇನ್ನೂರ ನಲವತ್ತು. ಗೇಟಿಗಿ ಲಿಸ್ಟ್ ಹಚ್ಚಿದ್ರು, ನನ್ನ ಹೆಸರಿನ ಮುಂದ ಇನ್ನೂರ ನಲವತ್ತು. ಆ ಲಿಸ್ಟಿನ ಫೋಟೊ ಇವತ್ತಿಗೂ ಮನ್ಯಾಗ ಅದ."

"ಇನ್ನೂರ ನಲವತ್ತನೇದು ಯಾವ ದಿನ?"

"ಮೂವತ್ತನೇ ತಾರೀಖು. ಅದು ಮುಗಿಸಿಕೊಂಡೇ ಮರುದಿನ ಆಡಲಿಕ್ಕಿ ಬಂದಿದ್ದೆ. ದಿನಾ ಅಡಗಿ ಮನಿ ಗ್ವಾಡಿಗಿ ಇದ್ದಲಿಲೆ ಗೆರಿ ಎಳೀತಿದ್ದೆ, ನಮ್ಮ ಅವ್ವ ಬೈತಿದ್ಲು."

"ಗೇಟಿನ ತನಾ ಬಂದು, ಕೆಲಸ ಇಲ್ಲಂತ ವಾಪಸ್ ಕಳಿಸಿದ ದಿನ?"

"ಬಂದೀನಂದ ಮ್ಯಾಲ ಗೆರಿ ಎಳೀದೆ ಬಿಡ್ತೀನೇನು?"

"ನನ್ನ ರಿಜಿಸ್ಟರಿನ್ಯಾಗ ಅದಕ್ಕ ಹಾಜರಿ ಇರ್ತಿರಲಿಲ್ಲ" ಎಂದ ಧರ್ಮಣ್ಣ, ದನಿ ಏರಿಸದೆ. "ಅಂಥದು ಒಂದು ದಿನ ಇತ್ತು. ಗಣೇಶ ಹಬ್ಬದ ಹಿಂದಿನ ದಿನ. ಮೂವತ್ತೊಂದನೇ ತಾರೀಖು ನೀ ಪಾಳಿ ಮಾಡಿದಿ ಅಂತ ಈಗ ನೀನೇ ಹೇಳಿದಿ. ನಿನ್ನ ಎಣಕಿ ಖರೆ ಇದ್ದಿದ್ರ ಲಿಸ್ಟಿನ್ಯಾಗ ಎಷ್ಟು ಇರಬೇಕಿತ್ತು?"

ಜಹಾಂಗೀರನ ಹೆಬ್ಬೆರಳು ಬೆರಳುಗಳ ಗೆಣ್ಣುಗಳ ಮೇಲೆ ಓಡಾಡಿತು. ಇನ್ನೂರ ನಲವತ್ತೊಂದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ರಮೇಶಕುಮಾರ ಪೆನ್ನಿಗೆ ಟೊಪ್ಪಿ ಹಾಕಿದ. ಜಹಾಂಗೀರನ ಕಣ್ಣು ಕಿಟಕಿಯಾಚೆಯ ಗೇಟಿಗೆ ಹೋಗಿ ಅಲ್ಲಿಯೇ ಉಳಿಯಿತು. ಆ ಗೇಟಿನೊಳಗಿನ ಇಪ್ಪತ್ತೈದು ವರ್ಷದ ಪಗಾರದಲ್ಲಿ ಅವನ ಮನೆ ಎದ್ದಿತ್ತು, ಮಗಳು ನರ್ಸ್ ಆಗಿದ್ದಳು.

"ನೀವು ಹೇಳಬೇಕಿತ್ತು ಕಾಕಾ." ದನಿ ಸಣ್ಣಗಾಗಿತ್ತು.

"ನಿಂದು ಒಂದು ಹಾಜರಿ ಕಡಿಮಿ ಅದ ಅಂತ ನನಗ ಗೊತ್ತಾಗಿದ್ದು ಅವತ್ತೇ ಮಧ್ಯಾಹ್ನ, ಮ್ಯಾಚಿಗಿ ಮೊದಲ, ಲಿಸ್ಟ್ ಬರೀಲಿಕ್ಕಿ ಕುಂತಾಗ. ಹಚ್ಚೂಕಿಂತ ಮೊದಲ ಲೆಕ್ಕ ಹೊರಗ ಬಿಟ್ರ ನನ್ನ ನೌಕರಿ ಹೋಗ್ತಿತ್ತು, ನಿಂದೂ ಕೆಡ್ತಿತ್ತು. ಅದೂ ಇರಲಿ. ಹೇಳಿದ್ರ ನೀ ಹೋಗ್ತಿದ್ದೇನು? ಒಂದು ಗೋಲಿನಿಂದ ಮುಂದಿದ್ದಿ, ಇಪ್ಪತ್ತೆರಡು ವಯಸ್ಸು. ಸಿಟ್ಟಿಗಿ ಬರಸಲಿಲ್ಲಂದ್ರ ನೀ ಆ ಮೈದಾನ ಬಿಡ್ತಿರಲಿಲ್ಲ."

"ಆಮ್ಯಾಗರ ಹೇಳಬಹುದಿತ್ತಲ್ಲ. ಇಷ್ಟು ವರ್ಷ."

"ಆಮ್ಯಾಗ ಹೇಳಿದ್ರ ಕಪ್ ಹೋಗಿದ್ದು ನಿನ್ನ ಸಲುವಾಗಿ ಅಂತ ಊರು ನಿನ್ನ ಬೈತಿತ್ತು. ನನಗ ಬೈಯಲಿಕ್ಕಿ ಶುರು ಮಾಡಿಬಿಟ್ಟಿದ್ರು. ಇರಲಿ, ಒಬ್ಬನಿಗೇ ಸಾಕು ಅಂದೆ."

ಹೊರಗೆ ವಾಡಿಯ ಕಡೆ ಹೋಗುವ ಗೂಡ್ಸು ಗಾಡಿ ಹಾದು, ಮೇಜಿನ ಮೇಲಿನ ಗ್ಲಾಸುಗಳು ಸದ್ದು ಮಾಡಿದವು. ಗಾಡಿ ದಾಟಿದ ಮೇಲೆ ಜಹಾಂಗೀರ ರಮೇಶಕುಮಾರನ ಕೈಯ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

"ಮೇಡಂ, ಬಸವೇಶ್ವರಿ ಅರಾಮ ಇದ್ದಾಳೇನು?"

"ಅರಾಮ ಆಗ್ಲಿಕತ್ತಾಳ ರಿ."

"ಕಾರಣ ನಾ ಕೇಳಂಗಿಲ್ಲ. ಚಿಂಚೋಳಿ ಮ್ಯಾಚಿಗಿ ಗಾಡಿ ಎಷ್ಟೊತ್ತಿಗಿ ಬೇಕು, ಅದು ಹೇಳ್ರಿ."

ಲುಂಬಿನಿ ಆರು ಎಂದು ಬೆರಳಿನಲ್ಲಿ ತೋರಿಸಿದಳು. ಹೊರಡುವಾಗ ಧರ್ಮಣ್ಣನ ಕಾಲು ಮುಟ್ಟಲು ಬಗ್ಗಿದಳು. ಅವನು ಬೇಡವೆಂದು ಹಿಂದೆ ಸರಿದು, ನಾಳೆ ಪ್ರ್ಯಾಕ್ಟೀಸಿಗೆ ಹೊತ್ತು ಮಾಡಬೇಡ ಎಂದಷ್ಟೇ ಹೇಳಿದ.

ಎಲ್ಲರೂ ಹೋದ ಮೇಲೆ ಜಹಾಂಗೀರ ಅವನ ಕೈ ಹಿಡಿದು ಮೆಟ್ಟಿಲು ಇಳಿಸಿದ. ಇಬ್ಬರೂ ಮೈದಾನದ ಕಟ್ಟೆಯ ಮೇಲೆ ಕುಳಿತರು. ಅಂದು ಅಂಗಿ ಬಿಚ್ಚಿಸಿದ ಜಾಗ ಎದುರಿಗೇ ಇತ್ತು. ಸುಣ್ಣದ ಗೆರೆ ಹೊಸದು, ಮಣ್ಣು ಅದೇ. ಜಹಾಂಗೀರ ಧರ್ಮಣ್ಣನ ಕೈ ಇನ್ನೂ ಬಿಟ್ಟಿರಲಿಲ್ಲ.

"ಕಾಕಾ, ಒಂದು ಕೇಳ್ತೀನಿ, ಖರೆ ಹೇಳ್ರಿ. ಎರಡನೇ ಹಾಫಿಗಿ ನಾ ಇದ್ದಿದ್ರ ಗೆಲ್ತಿದ್ದಿವೇನು?"

ಧರ್ಮಣ್ಣ ದೂರದ ಗೋಲುಕಂಬಗಳನ್ನು ನೋಡಿದ. ಈ ಪ್ರಶ್ನೆಯನ್ನು ಅವನು ಆ ದಿನ ಭೋಂಗಾ ಕೂಗುತ್ತಿದ್ದಾಗಲೇ ತನಗೆ ಕೇಳಿಕೊಂಡಿದ್ದ, ಉತ್ತರ ಗೊತ್ತಿದ್ದೇ ಅವನನ್ನು ಕರೆದಿದ್ದ.

"ಗೆಲ್ತಿದ್ದಿವಿ" ಎಂದ.