ಖಾಲಿ ಕಾರ್ಡಿನ ಕುದುರೆ

ಬಸ್ ಡ್ರೈವರನಿಗೆ ಸಿಟ್ಟು ಮೂಗಿನ ತುದಿಯಲ್ಲಿ; ಜಂಭ ಅದಕ್ಕಿಂತ ಒಂದು ಗೇಣು ಮುಂದೆ. ಹೋದ ವಾರ ಡಿಪೋ ಗೇಟಿನ ಕಂಬಕ್ಕೆ ಬಸ್ಸು ಸವರಿದಾಗಲೂ ತಪ್ಪು ಕಂಬದ್ದೇ ಅಂದಿದ್ದ. ಕಣ್ಣಿನ ಡಾಕ್ಟರಿಗೆ ತೋರಿಸಿ ಅಂದ ಹೆಂಡತಿಯ ಮೇಲೆ ಹರಿಹಾಯ್ದಿದ್ದ. ಒಳಗಿನ ಪುಕಪುಕ ಬೇರೆ: ಕಣ್ಣು ಮಂದ ಅಂತ ಗೊತ್ತಾದರೆ ಸ್ಟೀರಿಂಗ್ ಕಿತ್ತುಕೊಂಡು ಟಿಕೆಟ್ ಕೌಂಟರಿನಲ್ಲಿ ಕೂರಿಸಿಬಿಟ್ಟರೆ?

ನಾದಿನಿ ಕಾಲೇಜಿನ ಮನಶ್ಶಾಸ್ತ್ರದ ಲ್ಯಾಬಿನಲ್ಲಿ ಮೇಡಂ. "ಪ್ರಯೋಗಕ್ಕೆ ಚುರುಕು ಕಣ್ಣಿನವರು ಬೇಕು ಭಾವ" ಅಂದದ್ದೇ ತಡ, ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟ.

ಮೇಜಿನ ಮೇಲೆ ಉದ್ದನೆಯ ಕಪ್ಪು ಪೆಟ್ಟಿಗೆ. ಟ್ಯಾಚಿಸ್ಟೋಸ್ಕೋಪ್ ಅಂತ ನಾಲಿಗೆ ತಿರುಚುವ ಹೆಸರು. ಈ ತುದಿಯ ರಬ್ಬರಿಗೆ ಮುಖ ಒತ್ತಿ ನೋಡಬೇಕು. ಆ ತುದಿಯ ಕಾರ್ಡಿನ ಮೇಲೆ ಬೆಳಕು ಚಕ್ಕಂತ ಬಂದು ರೆಪ್ಪೆ ಬಡಿಯುವುದರೊಳಗೆ ಮಾಯ.

"ಏನು ಕಂಡಿತು?"

"ನಾಯಿ!"

"ಈಗ?"

"ಕುದುರೆ. ಓಡ್ತಾ ಇತ್ತು."

"ಬಾಲ ಎತ್ತಿತ್ತಾ ಭಾವ?"

"ಎತ್ತದೇ ಇರುತ್ತಾ?"

ನಾದಿನಿ ಕಾರ್ಡು ತೆಗೆದು ಅವನ ಕೈಗಿಟ್ಟಳು. ಬೆಳ್ಳಗೆ, ಖಾಲಿ.

"ನಿಜವಾಗ್ಲೂ ಓಡಿಹೋಗಿದೆ ನೋಡಿ."

"ಮೋಸ ಮಾಡ್ತೀಯೇನೇ!" ಅವನು ಕುರ್ಚಿ ಬಿಟ್ಟೆದ್ದ.

"ಎಲ್ಲರಿಗೂ ನಡುವೆ ಒಂದು ಖಾಲಿ ಹಾಕ್ತೀವಿ. ಯಾರು ನೋಡಿ ಹೇಳ್ತಾರೆ, ಯಾರು ಬುರುಡೆ ಬಿಡ್ತಾರೆ ಅಂತ ತಿಳೀಲಿ ಅಂತ. ಕೂತ್ಕೊಳ್ಳಿ. ಬೇರೆ ಕಾರ್ಡು ಹಾಕಿದ್ದೀನಿ. ಈ ಸಲ ಬೆಳಕು ಆರಿಸೋದೇ ಇಲ್ಲ, ನಿಧಾನವಾಗಿ ನೋಡಿ."

ಅವನು ಹುಬ್ಬು ಗಂಟಿಕ್ಕಿ ನೋಡಿದ. ಕಣ್ಣು ಉಜ್ಜಿಕೊಂಡು ನೋಡಿದ. ಹಡಗು ಅನ್ನುವ ಮಾತು ತುಟಿಯವರೆಗೆ ಬಂತು, ನುಂಗಿಕೊಂಡ.

"ಮಬ್ಬು ಮಬ್ಬು ಕಣಮ್ಮ. ಅಕ್ಷರವೋ, ಇರುವೆ ಸಾಲೋ."

ನಾದಿನಿಯ ನಗು ನಿಂತಿತು. "ಅಕ್ಷರಾನೇ. ದೊಡ್ಡವು."

"ಹಾಗಾದ್ರೆ ನನ್ನ ಸ್ಟೀರಿಂಗು ಹೋಯ್ತು."

"ಯಾಕೆ ಹೋಗುತ್ತೆ? ಕನ್ನಡಕ ಹಾಕ್ಕೊಂಡು ಬಸ್ಸು ಓಡಿಸೋರು ನಿಮ್ಮ ಡಿಪೋದಲ್ಲೇ ಇಲ್ವಾ? ಡಾಕ್ಟರು ನೋಡಿ ಹೇಳಲಿ. ಇನ್ನೊಂದು ಕಂಬ ಸವರಿದ್ರೆ ಮಾತ್ರ ನಾನೂ ಏನೂ ಮಾಡೋಕಾಗಲ್ಲ."

ಅವನು ಕುರ್ಚಿಯಿಂದ ಎದ್ದ. "ನಿಮ್ಮಕ್ಕನಿಗೆ ಹೇಳಬೇಡ."

"ಅಕ್ಕನೇ ಈ ಉಪಾಯ ಹೇಳಿದ್ದು! ಡಾಕ್ಟರ ಹತ್ರ ಟೈಮೂ ತಗೊಂಡು ಕೆಳಗೆ ಕಾಯ್ತಿದ್ದಾಳೆ."

ಕಿಟಕಿಯಿಂದ ಬಗ್ಗಿ ನೋಡಿದ. ಗೇಟಿನ ಹತ್ತಿರ ಹಸಿರಾಗಿ ಏನೋ ನಿಂತಿತ್ತು.

"ಅದು ಅವಳೋ, ಗಿಡವೋ?" ಅಂತ ಮೆಲ್ಲಗೆ ಕೇಳಿದ.

"ಕೈ ಬೀಸ್ತಾ ಇದೆಯಲ್ಲ ಭಾವ. ಗಿಡ ಅಂದಿದ್ದು ಅವಳ ಕಿವಿಗೆ ಬೀಳೋ ಮೊದಲು ಇಳೀರಿ."