ಐದರಲ್ಲಿ ಒಂದು ಬಂದೂಕು

ಒಂದೇ. ಐದರಲ್ಲಿ ಒಂದನ್ನು ಇಟ್ಟುಕೊಳ್ಳಬಹುದು, ಉಳಿದ ನಾಲ್ಕನ್ನು ಇವತ್ತು ಸಂಜೆಯೊಳಗೆ ಠಾಣೆಗೆ ಒಪ್ಪಿಸಬೇಕು. ದೇವಿಂದ್ರ ಹುಕುಮಿನ ಕಾಗದವನ್ನು ನಾಲ್ಕನೆಯ ಸಲ ಓದಿ ಮಡಿಚಿದ. ನಿಜಾಮರ ಕಾಲದಲ್ಲಿ ಇಂಥ ಕಾಗದ ಉರ್ದುವಿನಲ್ಲಿ ಬರುತ್ತಿತ್ತು. ಈಗಲೂ ಉರ್ದುವಿನಲ್ಲೇ ಬಂದಿತ್ತು. ಮುದ್ರೆ ಮಾತ್ರ ಬೇರೆ.

ಅಂಗಳದಲ್ಲಿ ಗಾಡಿ ಅರ್ಧ ತುಂಬಿತ್ತು. ಸುರಪುರದ ಈ ಮನೆ ಬಿಟ್ಟು ನಾಳೆ ರಾತ್ರಿಯೊಳಗೆ ಯಾದಗಿರಿ ಸೇರಬೇಕು. ಅಲ್ಲಿ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ ಗೊತ್ತಾಗಿತ್ತು. ಸೋಮವಾರ ಕಚೇರಿಗೆ ಹಾಜರಾಗಬೇಕು. ಮೂವತ್ತೆರಡನೆಯ ವಯಸ್ಸಿಗೆ ಅವನಿಗೆ ಸಿಕ್ಕ ಮೊದಲ ಸರಕಾರಿ ನೌಕರಿ ಇದು. ಹೇಗೆ ಸಿಕ್ಕಿತೆಂಬುದನ್ನು ಅವನು ಆದಷ್ಟು ನೆನೆಯುತ್ತಿರಲಿಲ್ಲ.

"ಏನ್ರಿ, ಬೀಸೂಕಲ್ಲು ಏರಿಸೂದೋ ಬ್ಯಾಡೋ?" ಹೆಂಡತಿ ಮೌನಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ನೋಡಿದ್ರಾತು."

"ಬಂದೂಕು ಯಾವುದು ಇಟ್ಕೋತೀರಿ?"

"ಅದೂ ನೋಡಿದ್ರಾತು."

ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ನಿಜವಾಗಿ ನೋಡುವುದೇನೂ ಉಳಿದಿರಲಿಲ್ಲ. ಅವನ ಮನಸ್ಸು ಅಪ್ಪನ ದುನಾಳಿಯ ಮೇಲಿತ್ತು. ಹೈದರಾಬಾದಿನಿಂದ ತರಿಸಿದ ಜೋಡುನಳಿಗೆಯ ಬಂದೂಕು, ಹಿಡಿಯ ಮೇಲೆ ಬೆಳ್ಳಿಯ ಬಳ್ಳಿ. ಅಪ್ಪ ಮಾನಪ್ಪನಾಯಕ ಅದರಿಂದ ಎರಡು ಚಿರತೆ ಹೊಡೆದಿದ್ದ. ದೇವಿಂದ್ರ ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದೇ ಒಂದು ಸಲ ಹಾರಿಸಿ ಹಿಂದಕ್ಕೆ ಬಿದ್ದು, ಭುಜದ ನೋವಿಗಿಂತ ಹೆಚ್ಚಾಗಿ ಅಪ್ಪನ ನಗೆಗೆ ಅತ್ತಿದ್ದ. ಆದರೇನಂತೆ. ಯಾದಗಿರಿಯಲ್ಲಿ ಅವನು ಬಿದ್ದದ್ದನ್ನು ಕಂಡವರು ಯಾರು? ಬಂದೂಕನ್ನು ಗೋಡೆಗೆ ತೂಗುಹಾಕಿ, ಕಚೇರಿಯವರು ಚಹಾಕ್ಕೆ ಬಂದಾಗ ನೋಡದವನಂತೆ ಕೂತಿರಬಹುದು. ಅವರೇ ಕೇಳುತ್ತಾರೆ.

ಉಳಿದವುಗಳಲ್ಲಿ ಅಜ್ಜನ ಬತ್ತಿ ಬಂದೂಕಿಗೆ ಗೆದ್ದಲು ಹಿಡಿದಿತ್ತು. ಇನ್ನೆರಡು ಹಂದಿ ಕಾಯುವ ಒರಟು ಬಂದೂಕುಗಳು. ಐದನೆಯದು ದೇವರ ಕೋಣೆಯಲ್ಲಿತ್ತು. ಅದು ತಮ್ಮ ಅಯ್ಯಣ್ಣನ ಟೋಪಿ ಬಂದೂಕು, ಕುದುರೆ ಎಂಬ ಪುಟ್ಟ ಸುತ್ತಿಗೆಯ ಕೆಳಗೆ ತಾಮ್ರದ ಸಣ್ಣ ಟೋಪಿ ಇಟ್ಟು ಹೊಡೆಯುವಂಥದು. ಅವ್ವ ಮರಿಲಿಂಗಮ್ಮ ಎರಡೂವರೆ ವರ್ಷದಿಂದ ಅದಕ್ಕೆ ಕುಂಕುಮ ಹಚ್ಚಿ ಹಚ್ಚಿ ನಳಿಗೆಯ ಬಣ್ಣವೇ ಕಾಣದಂತಾಗಿತ್ತು.

ಆ ಮನೆಯಲ್ಲಿ ಕಾದಾಡಿ ಸತ್ತವನ ಬಂದೂಕನ್ನು ಒರೆಸುವಂತಿರಲಿಲ್ಲ. ಅವನ ಹೆಸರು ಹೊತ್ತ ಗಂಡುಮಗು ಹುಟ್ಟಿ, ಕೈಯಿಂದ ಮುಟ್ಟಿದ ಮೇಲೆಯೇ ಎಣ್ಣೆ, ಬಟ್ಟೆ. ದೇವಿಂದ್ರನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಅಯ್ಯಣ್ಣನ ಬಂದೂಕು, ಅವನ ಹೆಣದ ಜೊತೆ ಬಂದ ದಿನ ಹೇಗಿತ್ತೋ ಹಾಗೇ ಇತ್ತು.

ಮಕ್ಕಳಿಲ್ಲದ್ದಕ್ಕೂ ಅವ್ವ ಸೊಸೆಯನ್ನಲ್ಲ, ಮಗನನ್ನೇ ಬೈಯುತ್ತಿದ್ದಳು.

ಅಯ್ಯಣ್ಣನ ಕತೆ ಸುರಪುರದಲ್ಲಿ ಎಲ್ಲರಿಗೂ ಗೊತ್ತು. ರಜಾಕಾರರ ಗಲಾಟೆಯ ವರ್ಷ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಕಾವಲಿಗೆ ಹೋಗಿದ್ದ. ಅವರು ಬಂದರು. ಎಲ್ಲರೂ ಓಡಿದರೂ ಇವನು ನಿಂತ, ಗುಂಡು ಹಾರಿಸಿದ, ಅವರಲ್ಲೊಬ್ಬನನ್ನು ಕೆಡವಿದ, ಆಮೇಲೆ ತಾನು ಬಿದ್ದ. ಇಷ್ಟನ್ನು ಕಣ್ಣಾರೆ ಕಂಡು ಬಂದು ಹೇಳಿದವನು ಮನೆಯ ಹಳೆಯ ಆಳು ಲಾಲಪ್ಪ. ದೇವಿಂದ್ರ ಆಗ ಗುಲಬರ್ಗಾದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಪರೀಕ್ಷೆಗೆ ಓದುತ್ತಿದ್ದ. ಪರೀಕ್ಷೆ ನಡೆಯಲೇ ಇಲ್ಲ. ಮುಂದೆ ನೌಕರಿಯ ಅರ್ಜಿ ಬರೆಯುವಾಗ ಐದನೆಯ ಸಾಲಿನಲ್ಲಿ ತಾನು ಯಾರ ಅಣ್ಣ ಎಂಬುದನ್ನು ಬರೆದ. ಲಾಲಪ್ಪ ಒಬ್ಬ ಬಿದ್ದನೆಂದಿದ್ದ. ದೇವಿಂದ್ರ ಇಬ್ಬರೆಂದು ಬರೆದ, ವಾಕ್ಯಕ್ಕೆ ತೂಕ ಬರಲೆಂದು. ಒಂದೇ ಗುಂಡಿಗೆ ಇಬ್ಬರು ಹೇಗೆ ಬಿದ್ದರೆಂದು ಯಾವ ಅಧಿಕಾರಿಯೂ ಕೇಳಲಿಲ್ಲ. ನೌಕರಿ ಬಂತು.

ತಮ್ಮನ ಅನ್ನ ತಿನ್ನುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅನ್ನಿಸಿದಾಗೆಲ್ಲ ತಮ್ಮನ ಮೇಲೆ ಸಿಟ್ಟು ಬರುತ್ತಿತ್ತು.

ಲಾಲಪ್ಪ ನಾಲ್ಕು ಬಂದೂಕುಗಳನ್ನು ಪಡಸಾಲೆಯಲ್ಲಿ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದ. ದುನಾಳಿಯನ್ನು ಮಡಿಚಿ, ಎರಡೂ ನಳಿಗೆಗಳಲ್ಲಿ ಇಣುಕಿ, ಮುಚ್ಚಿದ. ಬಾಯಿಂದ ಮದ್ದು ತುಂಬುವ ಹಳೆಯವನ್ನು ಹಾಗೆ ನೋಡಲಾಗದು. ಅವನು ಒಂದು ಕಬ್ಬಿಣದ ಸಲಾಕೆ ತೆಗೆದುಕೊಂಡು ಮೊದಲು ಅದನ್ನು ನಳಿಗೆಯ ಹೊರಮೈಗೆ ಹಿಡಿದು ಅಳತೆ ನೋಡುತ್ತಿದ್ದ, ಆಮೇಲೆ ಒಳಗೆ ಇಳಿಬಿಡುತ್ತಿದ್ದ. ಸಲಾಕೆ ತಳಕ್ಕೆ ಬಡಿದು ಠಣ್ ಎಂದರೆ ನಳಿಗೆ ಖಾಲಿ. ಮೆತ್ತಗೆ ನಿಂತು ಅಳತೆಗಿಂತ ಗೇಣುದ್ದ ಮೇಲೆ ಉಳಿದರೆ ಒಳಗೆ ಮದ್ದು, ಗುಂಡು ಎರಡೂ ಇವೆ ಎಂದು ಅರ್ಥ.

ಠಣ್. ದೇವಿಂದ್ರ ಪಟ್ಟಿಯಲ್ಲಿ ಖಾಲಿ ಎಂದು ಬರೆದ. ಠಣ್. ಖಾಲಿ. ಠಣ್.

"ಆತ್ರಿ," ಎಂದ ಲಾಲಪ್ಪ ಸಲಾಕೆ ಕೆಳಗಿಟ್ಟು.

"ಅಯ್ಯಣ್ಣಂದು?"

"ಅದು ದೇವ್ರ ಜಗಲಿ ಮ್ಯಾಗ ಐತಲ್ರಿ."

"ಅದೂ ಪಟ್ಟಿಯೊಳಗ ಬರಬೇಕು ಕಾಕಾ. ಅವ್ವ ಗುಡಿಗೆ ಹೋಗ್ಯಾಳ. ತಗೊಂಡು ಬಾ."

"ಬ್ಯಾಡ್ರಿ."

"ಯಾಕ?"

"ಮುಟ್ಟಬಾರದಂತಾರ್ರಿ."

ಲಾಲಪ್ಪ ಯಾವತ್ತೂ ಹೀಗೆ ಎದುರಾಡಿದವನಲ್ಲ. ದೇವಿಂದ್ರನೇ ಎದ್ದು ಹೋಗಿ ತಂದ. ಕುಂಕುಮ ಅಂಗೈಗೆ ಹತ್ತಿತು. ಸಲಾಕೆಯನ್ನು ಲಾಲಪ್ಪನ ಕೈಗೆ ಕೊಟ್ಟ. ಮುದುಕ ತೆಗೆದುಕೊಳ್ಳಲಿಲ್ಲ. ದೇವಿಂದ್ರನಿಗೆ ರೇಗಿತು. ತಾನೇ ಒಳಗೆ ಬಿಟ್ಟ.

ಸಪ್ಪಳವಾಗಲಿಲ್ಲ. ಸಲಾಕೆ ಮೆತ್ತಗೆ ನಿಂತಿತು. ಗೇಣಿನ ಮೇಲೆ ನಾಲ್ಕು ಬೆರಳು ಹೊರಗೇ ಉಳಿಯಿತು.

ಮತ್ತೆ ಎತ್ತಿ ಬಿಟ್ಟ. ಅಷ್ಟೇ.

"ಕಾಕಾ, ಇದು ತುಂಬಿದ್ದೈತಿ."

ಲಾಲಪ್ಪ ಗಾಡಿಯ ಕಡೆ ನೋಡುತ್ತಿದ್ದ.

"ಹಾರಿಸಿದಾ ಅಂದಿದ್ದಿ."

"ಅಂದಿದ್ದೆ."

"ಹಾರಿಸಿದ ಮ್ಯಾಲ ಮತ್ತ ತುಂಬಿದನೇನು?"

"ಅಷ್ಟು ಪುರಸತ್ತು ಎಲ್ಲಿತ್ರಿ ಅಲ್ಲಿ."

"ಮತ್ತ?"

"ಎತ್ತಿ ಹಿಡದಿದ್ದಾ. ಅದು ಖರೇ."

"ಹಾರಿಸಲಿಲ್ಲ?"

"ಎತ್ತಿ ಹಿಡದಿದ್ದಾ ಅಂದ್ನೆಲ್ರಿ."

"ಗಾಯ ಎಲ್ಲಿತ್ತು? ಎದೀಗೋ ಬೆನ್ನಿಗೋ?"

"ಈಗ್ಯಾಕ್ರಿ ಅದೆಲ್ಲಾ," ಎಂದು ಲಾಲಪ್ಪ ಎದ್ದ. "ತಾಯಿಗೆ ಏನು ಹೇಳಬೇಕಿತ್ತು ನಾ? ನೀವಾದ್ರೂ ಇದ್ರೇನು ಇಲ್ಲಿ?"

ಮುದುಕ ಎತ್ತುಗಳಿಗೆ ನೀರು ಕುಡಿಸಲು ಹೋದ. ದೇವಿಂದ್ರ ಒಬ್ಬನೇ ಕುಳಿತ. ಅವನಿಗೆ ಮೊದಲು ಆದದ್ದು ದುಃಖವಲ್ಲ, ಸಂತೋಷ. ಬಾಯಿ ಮುಚ್ಚಿಕೊಂಡು ನಕ್ಕ. ಹೊಟ್ಟೆ ಕುಲುಕಿತು. ಎರಡೂವರೆ ವರ್ಷ ಊಟದ ಮಣೆಯ ಮೇಲೆ, ಗುಡಿಯ ಕಟ್ಟೆಯ ಮೇಲೆ, ಹಾಸಿಗೆಯಲ್ಲಿ ಕೂಡ ಆ ಸತ್ತವನು ಇವನಿಗಿಂತ ಎತ್ತರ ನಿಂತಿದ್ದ. ಅವನೂ ಹೆದರಿದ್ದ! ಬೆರಳು ಆಡಲಿಲ್ಲ ಅವನಿಗೂ! ಇಡೀ ಸುರಪುರದಲ್ಲಿ ತನ್ನಂಥವನು ಇನ್ನೊಬ್ಬನಿದ್ದ, ಅದೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು.

ನಗೆ ತಾನಾಗಿ ನಿಂತಿತು. ಅವನೂ ತನ್ನಂಥವನೆಂದು ಮೊದಲೇ ಗೊತ್ತಿದ್ದಿದ್ದರೆ ಅವನ ಜೊತೆ ಒಂದು ಸಲವಾದರೂ ಕೂತು ಮಾತಾಡಬಹುದಿತ್ತು. ಈಗ ಯಾರಿಗೆ ಹೇಳುವುದು? ಅವ್ವನಿಗೆ ಹೇಳಿದರೆ ಅವಳಿಗೆ ಇದ್ದ ಒಬ್ಬ ಮಗನೂ ಇಲ್ಲವಾಗುತ್ತಾನೆ. ಊರಿಗೆ ಹೇಳಿದರೆ ಅರ್ಜಿಯ ಐದನೆಯ ಸಾಲು ಸುಳ್ಳಾಗುತ್ತದೆ, ಅದರ ಹಿಂದೆ ನೌಕರಿ, ನೌಕರಿಯ ಹಿಂದೆ ಎರಡು ಕೋಣೆ. ಇಷ್ಟನ್ನು ಅವನು ಗುಮಾಸ್ತನ ಹಾಗೆ ಅಚ್ಚುಕಟ್ಟಾಗಿ ಯೋಚಿಸಿದ. ಯೋಚಿಸುತ್ತಿರುವ ತನ್ನ ಬಗ್ಗೆ ಅಸಹ್ಯವಾಯಿತು. ಆದರೂ ಯೋಚಿಸಿದ.

ಠಾಣೆಯಲ್ಲಿ ಒಪ್ಪಿಸುವ ಬಂದೂಕುಗಳಿಗೆ ಸಲಾಕೆ ಹಾಕಿಯೇ ಹಾಕುತ್ತಾರೆ. ಇಟ್ಟುಕೊಳ್ಳುವ ಬಂದೂಕನ್ನು ಬರೀ ಬರೆದುಕೊಳ್ಳುತ್ತಾರೆ. ಮದ್ದು ಹೊರತೆಗೆಯಲು ತನಗೆ ಬಾರದು, ಹಾರಿಸಿದರೆ ಊರಿಗೆಲ್ಲ ಕೇಳಿಸುತ್ತದೆ. ಅಂದರೆ ತೀರ್ಮಾನ ಆದಂತೆಯೇ. ದುನಾಳಿ ಹೋಗಬೇಕು. ಇದು ಉಳಿಯಬೇಕು.

ಮರಿಲಿಂಗಮ್ಮ ಗುಡಿಯಿಂದ ಬಂದವಳು ಮಗನ ತೊಡೆಯ ಮೇಲೆ ಅಯ್ಯಣ್ಣನ ಬಂದೂಕು ಕಂಡು ಬಾಗಿಲಲ್ಲೇ ನಿಂತಳು.

"ಅದನ್ನ ಕೊಡಾಕ ತೆಗದೀಯೇನು? ಕೊಡೂದಾದ್ರ ನನ್ನೂ ಠಾಣೇಕ ಬಿಟ್ಟು ಬಾ."

"ಇಲ್ಲವ್ವ. ಇದನ್ನ ಇಟ್ಕೋತೀನಿ."

"ನಿಮ್ಮಪ್ಪಂದು?"

"ಕೊಟ್ಬಿಡ್ತೀನಿ."

ಅವಳು ಅವನನ್ನು ದಿಟ್ಟಿಸಿದಳು. ದುನಾಳಿಯ ಮೇಲೆ ಮಗನ ಕಣ್ಣಿತ್ತೆಂದು ಅವಳಿಗೆ ಗೊತ್ತಿತ್ತು. ಹತ್ತಿರ ಬಂದು ಅವನ ತಲೆಯ ಮೇಲೆ ಕೈ ಇಟ್ಟಳು. ದೊಡ್ಡವನಾದ ಮೇಲೆ ಅವಳು ಹಾಗೆ ಮಾಡಿದ್ದು ಇದೇ ಮೊದಲು.

"ತಪ್ಪು ತಿಳದಿದ್ದೆ ನಿನ್ನ," ಎಂದಳು. "ತಮ್ಮನ ಮ್ಯಾಲ ನಿನಗ ಹೊಟ್ಟಿಕಿಚ್ಚೈತಿ ಅಂದಿದ್ದೆ. ಲಿಂಗಕ್ಕ ಕೈ ಮುಗದು ಕೆನ್ನಿ ಬಡ್ಕೋತೀನಿ."

ಇಷ್ಟು ವರ್ಷ ಅವನು ಈ ಕೈಗಾಗಿ ಕಾದಿದ್ದ. ಅದು ಸಿಕ್ಕ ಬಗೆ ನೆನೆದು ತಲೆಯನ್ನು ಸರಿಸಿಕೊಳ್ಳಬೇಕೆನ್ನಿಸಿತು. ಸರಿಸಿಕೊಳ್ಳಲಿಲ್ಲ. ಅವ್ವನ ಕೈಯಿಂದ ಭಸ್ಮದ ವಾಸನೆ ಬರುತ್ತಿತ್ತು.

ಮೂರು ಗಂಟೆಗೆ ಗಾಡಿ ಹೊರಟಿತು. ಠಾಣೆಯಲ್ಲಿ ಇಳಿದು, ಕೆಲಸ ಮುಗಿಸಿ, ಹಾಗೇ ಶಹಾಪುರದ ದಾರಿ ಹಿಡಿಯುವುದೆಂದಾಗಿತ್ತು. ಅವ್ವ ಮತ್ತು ಮೌನಮ್ಮ ಗಾಡಿಯಲ್ಲೇ ಕೂತರು. ಲಾಲಪ್ಪ ಎತ್ತುಗಳ ಮುಂದೆ ನಿಂತ, ಒಳಗೆ ಬರಲಿಲ್ಲ.

ಜಮಾದಾರ ವಹಾಬಸಾಬ ಹಳೆಯ ಕಾಲದವನು. ನಿಜಾಮರ ಸರಕಾರ ಹೋದರೂ ಅವನು ಉಳಿದಿದ್ದ. ಪಟ್ಟಿ ನೋಡಿ, ನಾಲ್ಕು ಬಂದೂಕುಗಳನ್ನು ಒಂದೊಂದಾಗಿ ಪರೀಕ್ಷಿಸಿದ. ದುನಾಳಿಯನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು ಗೋಡೆಗೆ ಒರಗಿಸಿದ.

"ಇಂಥಾದು ಬಿಟ್ಟು ಅದನ್ನ ಇಟ್ಕೋತೀರೇನ್ರಿ?"

"ಹೌದ್ರಿ. ತಮ್ಮಂದು."

"ಗೊತ್ತೈತ್ರಿ. ಕೊಡ್ರಿ ಇತ್ಲಾಗ."

"ಅದು ನಾನು ಇಟ್ಕೊಳ್ಳೂದಲ್ರಿ?"

"ನಂಬರ ಹೊಡೀಬೇಕ್ರಿ ನಳಿಗಿ ಮ್ಯಾಲ. ಹೊಸ ಕಾಯಿದಾ. ಸುತ್ತಿಗಿಲೆ ಬಡೀಬೇಕು. ಒಳಗ ಏನರ ಇದ್ರ ನಾನೂ ಇಲ್ಲ, ನೀವೂ ಇಲ್ಲ," ಎಂದು ನಗುತ್ತ ವಹಾಬಸಾಬ ಸಲಾಕೆ ಇಳಿಬಿಟ್ಟ.

ಅವನ ನಗೆ ಅಲ್ಲೇ ನಿಂತಿತು. ಹೊರಗುಳಿದ ಸಲಾಕೆಯ ತುದಿಯನ್ನು ನೋಡಿದ. ಕುದುರೆಯ ಕೆಳಗೆ ಕಿಲುಬು ಹಿಡಿದು ಅಂಟಿದ್ದ ಹಳೆಯ ಟೋಪಿಯನ್ನು ಉಗುರಿನಿಂದ ಕೆರೆದ. ಎರಡೂವರೆ ವರ್ಷದ ಕಿಲುಬು ಯಾವುದು, ಎರಡು ದಿನದ್ದು ಯಾವುದು ಎಂದು ತಿಳಿಯದವನಲ್ಲ ಅವನು. ತಲೆ ಎತ್ತಿ ದೇವಿಂದ್ರನನ್ನು ನೋಡಿದ. ಆಮೇಲೆ ಕಟ್ಟೆಯ ಆಚೆ ಗಾಡಿಯಲ್ಲಿ ಕೂತ ಮುದುಕಿಯನ್ನು ನೋಡಿದ.

"ಯಾರು ತುಂಬಿದ್ರಿ ಇದನ್ನ?" ಅವನು ದನಿ ತಗ್ಗಿಸಿಯೇ ಕೇಳಿದ. ಆದರೆ ಠಾಣೆಯ ಅಂಗಳ ಸಣ್ಣದು.

ಗಾಡಿಯಲ್ಲಿ ಅವ್ವ ಕತ್ತು ಮುಂದೆ ಮಾಡಿದಳು.

"ನಾನೇ," ಎಂದ ದೇವಿಂದ್ರ.

"ಯಾವಾಗ?"

"ಮೊನ್ನೆ."

"ಎಷ್ಟು ಮದ್ದು ಹಾಕೀರಿ?"

ಕಂಬದ ಬಳಿ ನಿಂತಿದ್ದ ಇಬ್ಬರು ಪೊಲೀಸರು ಮುಖ ಮುಖ ನೋಡಿಕೊಂಡರು. ಒಬ್ಬ ಮೀಸೆಯಲ್ಲಿ ನಕ್ಕ.

"ಸಾಹೇಬ್ರ," ಎಂದ ವಹಾಬಸಾಬ ನಿಧಾನವಾಗಿ, "ಒಬ್ರು ತುಂಬಿದ ಬಂದೂಕು ಇನ್ನೊಬ್ರು ಹಾರಿಸಂಗಿಲ್ರಿ. ಎಷ್ಟು ಜಡದಾರ ಅನ್ನೂದು ತುಂಬಿದವ್ರಿಗೇ ಗೊತ್ತಿರತೈತಿ. ಜಾಸ್ತಿ ಆಗಿದ್ರ ನಳಿಗೀನ ಸೀಳತೈತಿ. ನೀವು ತುಂಬಿಲ್ಲ ಅಂದ್ರ ಹೇಳಿಬಿಡ್ರಿ. ನಾ ನೀರು ಹಾಕಿ, ಹೊರಗ ತೆಗೆಸಿ, ಹಿಂಗಿಂಗ ಸಿಕ್ತು ಅಂತ ಬರಕೋತೀನಿ. ನಾಲ್ಕು ದಿನ ಹಿಡೀತೈತಿ, ಅಷ್ಟ."

ಅವನು ಪಾರಾಗಲು ಬಾಗಿಲು ತೆರೆದು ತೋರಿಸುತ್ತಿದ್ದಾನೆಂದು ದೇವಿಂದ್ರನಿಗೆ ಅರ್ಥವಾಯಿತು. ಬರೆದುಕೊಳ್ಳುತ್ತಾನೆ ಎಂಬುದೂ ಅರ್ಥವಾಯಿತು.

"ನಾನೇ ತುಂಬಿದ್ದು."

"ಹಂಗಾದ್ರ ನೀವೇ ಹಾರಿಸ್ರಿ."

ವಹಾಬಸಾಬ ಹೊಸ ಟೋಪಿಯೊಂದನ್ನು ಕುದುರೆಯ ಕೆಳಗೆ ತಾನೇ ಒತ್ತಿ ಕೂರಿಸಿ ಬಂದೂಕು ಕೊಟ್ಟ. ಅಂಗಳದ ನಡುವೆ, ಬೆಟ್ಟದ ಕಡೆ ಮುಖ ಮಾಡಿ, ಮೇಲಕ್ಕೆ ಹಿಡಿಯಬೇಕೆಂದ. ಪೊಲೀಸರು ಕಂಬಗಳ ಹಿಂದೆ ಸರಿದರು. ಲಾಲಪ್ಪ ಎತ್ತುಗಳ ಕಣ್ಣು ಮುಚ್ಚಿದ. ಬಂದೂಕು ಇಷ್ಟು ಭಾರವಿರುತ್ತದೆಂದು ದೇವಿಂದ್ರ ಮರೆತಿದ್ದ. ಸೀಳಿದರೆ ಮೊದಲು ಕಣ್ಣು ಹೋಗುತ್ತದೆಯೋ ಕೈ ಹೋಗುತ್ತದೆಯೋ. ಕಣ್ಣು ಮುಚ್ಚಿ ಬೆರಳಿನಿಂದ ಕೀಲು ಎಳೆದ.

ಚಟ್ ಎಂದಿತು. ಟೋಪಿಯಿಂದ ಒಂದೆಳೆ ಹೊಗೆ ಬಂತು. ಮತ್ತೇನೂ ಆಗಲಿಲ್ಲ.

ಅವನು ಉಸಿರು ಬಿಟ್ಟು ಬಂದೂಕು ಇಳಿಸಹೋದ.

"ಇಳಿಸಬ್ಯಾಡ್ರಿ!" ವಹಾಬಸಾಬ ಕಂಬದ ಹಿಂದಿನಿಂದ ಚೀರಿದ. "ಹಂಗೇ ಹಿಡೀರಿ! ಹಳೀ ಮದ್ದು. ಒಳಗ ಕಿಡಿ ಕುಂತಿರತೈತಿ. ತಡಾಗಿ ಹತ್ತತೈತಿ."

"ಎಷ್ಟೊತ್ತು?"

"ಏನು ಹೇಳೂದ್ರಿ. ಈಗ ಹತ್ತಬಹುದು. ಹತ್ತದೇನೂ ಇರಬಹುದು. ಅಲುಗಬ್ಯಾಡ್ರಿ."

ಹಳೆಯ ಮದ್ದು ಎಂದನಲ್ಲ ಈತ, ಅವ್ವನಿಗೆ ಕೇಳಿಸಿತೇ? ತಿರುಗಿ ನೋಡುವಂತಿರಲಿಲ್ಲ. ಗುಂಡು ಹಾರಲಿ ಎಂದು ಒಂದು ಗಳಿಗೆ ಬೇಡಿದ, ಹಾರದಿರಲಿ ಎಂದು ಮರುಗಳಿಗೆ. ಎರಡರಲ್ಲಿ ಯಾವುದು ತನಗೆ ಬೇಕೆಂದು ಅವನಿಗೇ ತಿಳಿಯಲಿಲ್ಲ. ಎಡಗೈ ಮರಗಟ್ಟುತ್ತ ಬಂತು. ಬೆವರು ಕುಂಕುಮದೊಡನೆ ಬೆರೆತು ಮೊಣಕೈವರೆಗೆ ಕೆಂಪಗೆ ಇಳಿಯಿತು.

"ನೋಡವ್ವ ಮೌನಮ್ಮ," ಗಾಡಿಯಿಂದ ಅವ್ವನ ದನಿ ಕೇಳಿಸಿತು. ಆ ದನಿಯಲ್ಲಿ ಹೆಮ್ಮೆಯಿತ್ತು, ಅಳುವೂ ಇತ್ತು. "ಥೇಟ್ ಹಿಂಗೇ ನಿಂತಿದ್ನಂತ ನನ್ನ ಅಯ್ಯಣ್ಣ."

ಲಾಲಪ್ಪ ಎತ್ತಿನ ಕೊರಳ ಹಗ್ಗ ಸರಿಮಾಡಿದ.

ಸ್ವಲ್ಪ ಹೊತ್ತಿಗೆ ಪೊಲೀಸರು ಬೇಸತ್ತು ಒಳಗೆ ಹೋದರು. ವಹಾಬಸಾಬ ಕಿಟಕಿಯ ಹತ್ತಿರ ಕುಳಿತು ದುನಾಳಿಯ ರಸೀದಿ ಬರೆಯತೊಡಗಿದ. ಶಹಾಪುರದ ದಾರಿಗೆ ಹೊತ್ತಾಗುತ್ತದೆಂದು ಮೌನಮ್ಮ ಗೊಣಗಿದಳು. ಅಂಗಳದಲ್ಲಿ ಬಿಸಿಲು ಗೋಡೆಯವರೆಗೆ ಸರಿದಿತ್ತು. ದೇವಿಂದ್ರ ಒಬ್ಬನೇ ನಡುವೆ ನಿಂತಿದ್ದ, ಬಂದೂಕು ಎತ್ತಿ ಹಿಡಿದು, ಬೆರಳು ಇನ್ನೂ ಕೀಲನ್ನು ಎಳೆದುಕೊಂಡೇ ಇತ್ತು.